ಕೆಂಪು ಕ್ಲಿಪ್ ಕೆಂಪಿನ ಮೇಲೇ ಇತ್ತು

ಕಣ್ಣಾರೆ ಕಂಡದ್ದನ್ನು ಮೊದಲು ಬರೆಯುತ್ತೇನೆ. ಊಹೆ, ವಾದ, ಜಗಳ ಆಮೇಲೆ ಬರಲಿ.

ಹಿಮಾಯತ್‌ನಗರದ ಒಂದು ಅಪಾರ್ಟ್‌ಮೆಂಟಿನ ಸೆಲ್ಲಾರು, ಏಪ್ರಿಲ್ ತಿಂಗಳ ಮಧ್ಯಾಹ್ನ. ನೆಲದ ಕೆಳಗಿದ್ದರೂ ಅಲ್ಲಿ ತಂಪಿರಲಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿದ್ದರಿಂದ ಮೂಲೆಯ ಜನರೇಟರ್ ಬೆಳಗಿನಿಂದ ಓಡಿ, ಆಗಷ್ಟೇ ನಿಂತಿತ್ತು. ಗೋಡೆಯುದ್ದಕ್ಕೂ ಬೈಕುಗಳ ಸಾಲು. ಅವುಗಳಲ್ಲಿ ಅರ್ಧದಷ್ಟು ಬಟ್ಟೆ ಹೊದ್ದು ನಿಂತಿದ್ದವು. ಸಾಫ್ಟ್‌ವೇರ್ ಕೆಲಸದ ಭರಾಟೆಯ ವರ್ಷಗಳವು. ಫ್ಲಾಟುಗಳಲ್ಲಿದ್ದ ಹುಡುಗರಿಗೆ ಇದ್ದಕ್ಕಿದ್ದಂತೆ ಆನ್‌ಸೈಟ್ ಅಂತ ಹೊರದೇಶಕ್ಕೆ ಕರೆ ಬರುತ್ತಿತ್ತು. ಸೂಟ್‌ಕೇಸು ಹಿಡಿದು ಇಳಿಯುವಾಗ ಬೈಕಿನ ಕೀಲಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಹೋಗುವುದು ಆ ಕಟ್ಟಡದ ರೂಢಿ. ವಾಚ್‌ಮನ್ ಆ ಕೀಲಿಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ.

ತಿಂಗಳುಗಟ್ಟಲೆ ನಿಂತ ಬೈಕಿನ ಬ್ಯಾಟರಿ ಸತ್ತುಹೋಗುತ್ತದೆ. ಅದಕ್ಕೆಂದೇ ಅದೇ ಊರಿನ ನಾಚಾರಂನ ನಮ್ಮ ಸಣ್ಣ ಕಾರ್ಖಾನೆ ಮೇಂಟೆನೆನ್ಸ್ ಚಾರ್ಜರ್ ತಯಾರಿಸುತ್ತಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ, ಒಂದು ಕಡೆ ಪ್ಲಗ್ಗು, ಇನ್ನೊಂದು ಕಡೆ ಕೆಂಪು ಮತ್ತು ಕಪ್ಪು ಕ್ಲಿಪ್. ಬ್ಯಾಟರಿ ತುಂಬಿದ ಮೇಲೆ ಅದು ಹದಿಮೂರೂವರೆ ವೋಲ್ಟಿನಲ್ಲಿ ನಿಂತು, ಬ್ಯಾಟರಿಯಿಂದ ಸೋರಿದಷ್ಟನ್ನು ಮಾತ್ರ ತುಂಬಿಕೊಡಬೇಕು. ಎಷ್ಟು ದಿನ ಹಾಗೇ ಬಿಟ್ಟರೂ ಅಪಾಯವಿಲ್ಲ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಿದ್ದೆವು. ನಾನು ಅಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಅಂದು ಎರಡು ಹೊಸ ಚಾರ್ಜರ್ ಕೂಡಿಸಿ ಬರಲು ಹೋಗಿದ್ದೆ.

ವಾಚ್‌ಮನ್ ಯಾದಗಿರಿ ಕಡೆಯವನು. ನಾನು ದಾವಣಗೆರೆಯವಳೆಂದು ತಿಳಿದ ಕೂಡಲೇ ಹಿಂದಿ ಬಿಟ್ಟು ಕನ್ನಡಕ್ಕೆ ಬಂದ.

"ಅಕ್ಕೋರ, ಹೊಸಾದು ಆಮ್ಯಾಲೆ ಹಾಕೀರಂತ. ಮೊದಲ ಈ ಕರೇ ಗಾಡಿ ನೋಡ್ರಿ. ಕೊಳೆತ ತತ್ತಿ ವಾಸನಿ ಹೊಡ್ಯಾಕತ್ತೈತಿ."

ಪಕ್ಕದ ಮುಚ್ಚಳ ತೆಗೆದಿದ್ದ ಆ ಬೈಕಿನತ್ತ ಬಗ್ಗಿ ನೋಡಿದೆ. ನನ್ನ ಕೆಲಸದ ಅಭ್ಯಾಸವೆಂದರೆ ಮೊದಲು ಬಣ್ಣ ನೋಡುವುದು. ಕೆಂಪು ಕ್ಲಿಪ್ ಕೆಂಪು ಹೊದಿಕೆಯ ವೈರಿದ್ದ ತುದಿಯ ಮೇಲಿತ್ತು. ಕಪ್ಪು ಕ್ಲಿಪ್ ಕಪ್ಪಿನ ಮೇಲಿತ್ತು. ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು. ಒಳಗೆ ನೀರು ಕುದಿಯುವಂಥ ಸದ್ದು. ಮಿತಿಮೀರಿ ಚಾರ್ಜ್ ಆದ ಬ್ಯಾಟರಿಯಿಂದ ಹೊರಬರುವ ಗಾಳಿಗೆ ಒಂದು ಕಿಡಿ ಸಾಕು.

"ಮುಟ್ಟಬೇಡ, ಮೊದಲು ಸ್ವಿಚ್ ಆಫ್ ಮಾಡು" ಅಂದೆ.

"ಸ್ವಿಚ್ಚು ಮೀಟರ್ ಖೋಲಿ ಒಳಗೈತ್ರಿ. ಕೀಲಿ ಸೆಕ್ರೆಟರಿ ಸಾಬರ ಕಡಿ. ಅವರು ಆಫೀಸಿಗೆ ಹೋಗ್ಯಾರ."

ನಿಜ. ಯಾರೋ ಕಳ್ಳತನದಿಂದ ಕರೆಂಟು ಬಳಸಿದರೆಂದು ಅಸೋಸಿಯೇಶನ್ನಿನವರು ಮೀಟರ್ ಕೋಣೆಗೆ ಬೀಗ ಜಡಿದಿದ್ದರು. ಚಾರ್ಜರ್‌ಗಳ ವೈರುಗಳೆಲ್ಲ ಆ ಬಾಗಿಲಿನ ಕೆಳಗಿನ ಸಂದಿಯಿಂದ ಹೊರಬಂದಿದ್ದವು. ಜನರೇಟರ್ ಪಕ್ಕದ ಮೇನ್ ಸ್ವಿಚ್ ಎಲ್ಲಿದೆ ಎಂದು ನಾನು ತಿರುಗಿ ನೋಡುತ್ತಿದ್ದೆ. "ಗಾಡಿ ಸುಟ್ಟು ಹೋದರ ನನ್ನ ಕೇಳ್ತಾರ್ರಿ" ಅನ್ನುತ್ತ ಅವನು ಕೆಂಪು ಕ್ಲಿಪ್ ಎಳೆದ. ನೀಲಿ ಕಿಡಿ ಕಂಡಿತು. ಸದ್ದು ಕೇಳಿದ್ದು ಆಮೇಲೆ ಅನ್ನಿಸುತ್ತದೆ, ಆದರೆ ಇದರ ಬಗ್ಗೆ ನನಗೆ ಖಾತ್ರಿಯಿಲ್ಲ.

ಬ್ಯಾಟರಿ ಒಡೆದು ಆಸಿಡ್ಡು ಅವನ ಮುಖಕ್ಕೆ ಹಾರಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀರಿನ ಡ್ರಮ್ಮಿತ್ತು. ಅವನನ್ನು ಎಳೆದುಕೊಂಡು ಹೋಗಿ ಚೆಂಬಿನಿಂದ ಮುಖಕ್ಕೆ, ಕಣ್ಣಿಗೆ ನೀರು ಸುರಿದೆ. ಅವನ ಹೆಂಡತಿ ಮೆಟ್ಟಿಲ ಕೆಳಗಿನ ಕೋಣೆಯಿಂದ ಓಡಿ ಬಂದು ಅವನ ತಲೆಯನ್ನು ಹಿಡಿದುಕೊಂಡಳು. ಡ್ರಮ್ಮು ಖಾಲಿಯಾಗುವವರೆಗೂ ಸುರಿದೆವು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ನನ್ನ ಓಢಣಿಯಲ್ಲಿ ತೂತುಗಳಾಗಿರುವುದು ಕಂಡಿತು. ನಾನು ನೋಡುತ್ತಿದ್ದಂತೆಯೇ ಅವು ಅಗಲವಾಗುತ್ತಿದ್ದವು. ಆಸಿಡ್ಡು ಹತ್ತಿಯನ್ನು ನಿಧಾನವಾಗಿ ತಿನ್ನುತ್ತದೆ.

ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಪಟ್ಟಿ ಕಟ್ಟಿದರು. ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು.

ಸಂಜೆ ಅಸೋಸಿಯೇಶನ್ನಿನ ಸೆಕ್ರೆಟರಿ ಸೆಲ್ಲಾರಿಗೆ ಇಳಿದರು. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು, ಮೃದುವಾಗಿ ಮಾತಾಡುವವರು. ಬ್ಯಾಟರಿ ಚೂರಾಗಿ, ಕ್ಲಿಪ್ಪುಗಳು ನೆಲದಲ್ಲಿ ಎಲ್ಲೆಂದರಲ್ಲಿ ಬಿದ್ದಿದ್ದವು. ಕೆಂಪು ಕ್ಲಿಪ್ ಕಪ್ಪು ವೈರಿನ ಪಕ್ಕಕ್ಕೆ ಸಿಡಿದು ಬಿದ್ದಿತ್ತು. ಅವರು ಅದನ್ನು ಮೊಬೈಲಿನ ಬೆಳಕಿನಲ್ಲಿ ನೋಡಿ ತಲೆಯಾಡಿಸಿದರು.

"ಉಲ್ಟಾ ಹಾಕಿದಾನೆ. ಓದು ಬರದವನ ಕೈಗೆ ಇಂಥದ್ದು ಕೊಡಬಾರದಿತ್ತು."

"ಉಲ್ಟಾ ಹಾಕಿರಲಿಲ್ಲ ಸಾರ್. ನಾನು ನೋಡಿದ್ದೀನಿ" ಅಂದೆ.

"ಮೇಡಂ, ನೀವು ಗಾಬರಿಯಲ್ಲಿದ್ದೀರಿ. ಮನೆಗೆ ಹೋಗಿ ರೆಸ್ಟ್ ಮಾಡಿ."

ಗಾಬರಿಯಲ್ಲಿದ್ದದ್ದು ನಿಜ. ಆದರೆ ಕ್ಲಿಪ್ ನೋಡಿದ್ದು ಗಾಬರಿಯಾಗುವ ಮೊದಲು. ಈ ಮಾತನ್ನು ಅವರಿಗೆ ಆ ಹೊತ್ತಿನಲ್ಲಿ ಸರಿಯಾಗಿ ಹೇಳಲು ನನ್ನಿಂದಾಗಲಿಲ್ಲ. ಭಾನುವಾರ ಮೀಟಿಂಗು, ಅಲ್ಲಿಯವರೆಗೆ ಕುಟುಂಬ ಕೋಣೆಯಲ್ಲಿರಬಹುದು, ಆಮೇಲೆ ಬೇರೆ ವಾಚ್‌ಮನ್ ಬರುತ್ತಾನೆ ಎಂದು ಹೇಳಿ ಅವರು ಲಿಫ್ಟ್ ಹತ್ತಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನಿಗೆ ಇನ್ನೊಂದು ಕಟ್ಟಡದಲ್ಲಿ ಯಾರು ಕಾವಲು ಕೆಲಸ ಕೊಡುತ್ತಾರೆ? ಅದೂ ಬೈಕು ಸುಟ್ಟವನೆಂಬ ಹೆಸರು ಹೊತ್ತು ಹೋದರೆ? ಅವರು ಹೋದ ಮೇಲೆ ಚಾರ್ಜರನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಪರೀಕ್ಷಿಸಿ ಹಿಂದಿರುಗಿಸುತ್ತೇನೆಂದು ಬೈಕಿನ ಮಾಲೀಕನಿಗೆ ಫೋನಿನಲ್ಲಿ ಹೇಳಿದೆ. ಅವನು ಆಗ ಹೊರದೇಶದಲ್ಲಿದ್ದ.

ನಮ್ಮ ಕಾರ್ಖಾನೆಯ ಮಾಲೀಕರು ಸ್ವತಃ ಎಂಜಿನಿಯರು. ಆ ಚಾರ್ಜರಿನ ಸರ್ಕ್ಯೂಟು ಅವರೇ ಬರೆದದ್ದು. ನಮ್ಮ ಮಾತುಗಳೆಲ್ಲ ತೆಲುಗಿನಲ್ಲಿ ನಡೆಯುತ್ತಿದ್ದವು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಉಲ್ಟಾ ಕನೆಕ್ಷನ್ ಅಂತ ಬರೆದುಕೊಡಮ್ಮಾ. ಅಸೋಸಿಯೇಶನ್ನೂ ಅದನ್ನೇ ಹೇಳ್ತಿದೆ. ಎಲ್ಲರಿಗೂ ಮುಗಿದುಹೋಗುತ್ತೆ."

"ವಾಚ್‌ಮನ್‌ಗೆ ಮುಗಿಯಲ್ಲ ಸಾರ್. ಮೊದಲು ಪರೀಕ್ಷೆ ಮಾಡ್ತೀನಿ."

"ಮಾಡು. ಶನಿವಾರದ ಒಳಗೆ ರಿಪೋರ್ಟು ಬೇಕು."

ಮೊದಲು ಉಲ್ಟಾ ಎಂಬ ಮಾತನ್ನೇ ಪರೀಕ್ಷೆಗೆ ಹಚ್ಚಿದೆ. ನಮ್ಮ ಚಾರ್ಜರಿನ ಹೊರದಾರಿಯಲ್ಲಿ ಒಂದು ಫ್ಯೂಸು, ಅದರ ಹಿಂದೆ ಅಡ್ಡಲಾಗಿ ಒಂದು ಡಯೋಡು ಇರುತ್ತದೆ. ಕ್ಲಿಪ್ ತಿರುಗುಮುರುಗಾದರೆ ಬ್ಯಾಟರಿಯ ಕರೆಂಟು ಡಯೋಡಿನ ಮೂಲಕ ನುಗ್ಗಿ ಫ್ಯೂಸು ಹಾರಬೇಕು. ಇದು ಕಾಗದದ ಮೇಲಿನ ಮಾತು. ಆದ್ದರಿಂದ ಅದೇ ಮಾದರಿಯ ಬೇರೆ ಚಾರ್ಜರ್ ತೆಗೆದುಕೊಂಡು, ಕನ್ನಡಕ ಹಾಕಿ, ಬೇಕೆಂದೇ ಬ್ಯಾಟರಿಗೆ ಉಲ್ಟಾ ಹಚ್ಚಿದೆ. ಚಟ್ ಎಂದು ಫ್ಯೂಸು ಹಾರಿತು. ಇನ್ನೊಂದು ತೆಗೆದುಕೊಂಡೆ, ಅದರಲ್ಲೂ ಹಾರಿತು. ಸೆಲ್ಲಾರಿನಿಂದ ತಂದ ಚಾರ್ಜರಿನ ಫ್ಯೂಸು ಹೊಸದರಂತೆ ಗಟ್ಟಿಯಾಗಿತ್ತು. ಕಾರ್ಖಾನೆಯಲ್ಲಿ ಹಾಕಿದ ಮೂಲ ಬೆಸುಗೆ ಕೂಡ ಹಾಗೇ ಇತ್ತು. ಉಲ್ಟಾ ಹಾಕಿರಲಿಲ್ಲ ಎಂಬುದಕ್ಕೆ ಈಗ ನನ್ನ ಕಣ್ಣಲ್ಲದೆ ಇನ್ನೊಂದು ಸಾಕ್ಷಿ ಸಿಕ್ಕಿತ್ತು.

ಹಾಗಾದರೆ ಬ್ಯಾಟರಿ ಕುದ್ದದ್ದೇಕೆ? ಇಲ್ಲಿ ನಾನು ಸಿಕ್ಕಿಬಿದ್ದೆ. ಚಾರ್ಜರನ್ನು ಬೆಂಚಿನ ಮೇಲಿಟ್ಟು ಮೀಟರ್ ಹಚ್ಚಿದರೆ ಹದಿಮೂರೂವರೆ. ಲೋಡು ಹಾಕಿದರೂ ಹದಿಮೂರೂವರೆ. ಮಧ್ಯಾಹ್ನ, ಸಂಜೆ, ಮರುದಿನ ಬೆಳಿಗ್ಗೆ, ಯಾವಾಗ ನೋಡಿದರೂ ಅದೇ. ಟ್ರಾನ್ಸ್‌ಫಾರ್ಮರ್ ಸರಿ, ಕೆಪಾಸಿಟರ್ ಸರಿ, ಬೆಸುಗೆ ಸರಿ. ಒಂದು ಘಟ್ಟದಲ್ಲಿ ನನ್ನ ಮೇಲೇ ನನಗೆ ಅನುಮಾನ ಬಂತು. ಕೆಂಪಿನ ಮೇಲೆ ಕೆಂಪು ನಿಜಕ್ಕೂ ಕಂಡಿದ್ದೆನೇ? ಕಣ್ಣು ಮುಚ್ಚಿದರೆ ನೀಲಿ ಕಿಡಿ ಮಾತ್ರ ಕಾಣುತ್ತಿತ್ತು.

"ಚೂಡಮ್ಮಾ, ನೋಡಮ್ಮಾ" ಎಂದರು ಮಾಲೀಕರು ನನ್ನ ಬೆಂಚಿನ ಪಕ್ಕ ನಿಂತು. "ಸರ್ಕ್ಯೂಟಿನಲ್ಲಿ ತಪ್ಪಿಲ್ಲ. ತಪ್ಪು ಎಲ್ಲೋ ಇರಬೇಕಲ್ಲ. ಅಲ್ಲಿರೋದು ಒಬ್ಬನೇ."

ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಸಿಟ್ಟಿನಿಂದ ಒಂದು ಉಪಕಾರವಾಯಿತು: ಅನುಮಾನ ಹೋಯಿತು.

ಅಂದೇ ಹಿಮಾಯತ್‌ನಗರಕ್ಕೆ ಹೋದೆ. ವಾಚ್‌ಮನ್ ಮೆಟ್ಟಿಲ ಕೆಳಗೆ ಚಾಪೆಯ ಮೇಲೆ ಕೂತಿದ್ದ. ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಯಾಕವ್ವಾ ಈಗಲೇ ಕಟ್ತೀಯ?"

"ಮತ್ತೇನ್ ಮಾಡ್ಲಿ ಅಕ್ಕೋರ? ಐತ್ವಾರ ಬಂದು ಸಾಮಾನು ಹೊರಗ ಒಗೆದ್ರ, ಎಲ್ಲಾರ ಮುಂದ ಆರಿಸ್ಕೊಂತ ಕುಂದರ್ಲೇನು?" ಅಂದಳು. ಗಂಡನ ಕಡೆ ಕೈ ಮಾಡಿ, "ಇವರೊಬ್ರು. ಮಂದಿ ಗಾಡಿ ಉಳಿಸಾಕ ಹೋಗಿ ತಮ್ಮ ಕಣ್ಣ ಕಳ್ಕೊಂಡ್ರು. ಶಾಣ್ಯಾ."

"ಬಾಯಿ ಮುಚ್ಚ" ಅಂದ ಅವನು, ಆದರೆ ಜೋರಿನಿಂದಲ್ಲ. ನನ್ನ ಕಡೆ ತಿರುಗಿ, "ಅಕ್ಕೋರ, ನಾ ಸಾಲಿ ಕಲ್ತಿಲ್ಲ, ಖರೇ. ಆದ್ರ ಕೆಂಪು ಯಾವ್ದು ಕರೇದು ಯಾವ್ದು ತಿಳೀಲಾರದಷ್ಟು ದಡ್ಡ ಅಲ್ಲರಿ."

"ಗೊತ್ತು. ಚಾರ್ಜರ್ ಡಬ್ಬಿ ಎಲ್ಲಿಡ್ತಿದ್ದೆ, ಅದನ್ನ ಹೇಳು."

ಅವನು ಎದ್ದು ಬಂದು ತೋರಿಸಿದ. ನೆಲ ಗುಡಿಸುವಾಗ ನೀರು ತಾಗಬಾರದೆಂದು ಡಬ್ಬಿಯನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ. ಒಳ್ಳೆಯ ಯೋಚನೆಯೇ. ಆ ಮೊಳೆ ಜನರೇಟರಿನ ಹೊಗೆಕೊಳವೆ ಹಾದುಹೋಗುವ ಗೋಡೆಯಲ್ಲಿತ್ತು. ಅಂದೂ ಜನರೇಟರ್ ಓಡುತ್ತಿತ್ತು. ಅಂಗೈ ಇಟ್ಟೆ, ತಟ್ಟನೆ ತೆಗೆದೆ. ಗೋಡೆ ರೊಟ್ಟಿಯ ಹಂಚಿನಂತಿತ್ತು.

ನಾನು ಪರೀಕ್ಷೆ ಮಾಡುತ್ತಿದ್ದದ್ದು ಏಸಿ ಕೋಣೆಯಲ್ಲಿ.

ನಮ್ಮ ಕಾರ್ಖಾನೆಯಲ್ಲಿ ಬಿಸಿ ಕೊಟ್ಟು ಪರೀಕ್ಷಿಸುವ ಪೆಟ್ಟಿಗೆ ಇರಲಿಲ್ಲ. ಇದ್ದದ್ದು ಬೆಸುಗೆಯ ಸೀಸ ಕರಗಿಸುವ ಕಡಾಯಿ. ಅದರ ಮೇಲೆ ಹೊಗೆ ಹೋಗಲು ಹಾಕಿದ ತಗಡಿನ ಕೊಡೆಯ ಅಂಚಿನಲ್ಲಿ ಕೆಲಸದ ಹೆಂಗಸರು ಬೆಳಿಗ್ಗೆ ಬಂದ ಕೂಡಲೇ ಊಟದ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅನ್ನ ಬಿಸಿಯಾಗಿರುತ್ತಿತ್ತು. ಚಾರ್ಜರನ್ನು ಡಬ್ಬಿಗಳ ನಡುವೆ ಇಟ್ಟೆ.

"ಇದು ಯಾರ ಊಟ?" ಎಂದರು ಆಪಾ. ವೋಲ್ಟೇಜ್ ಹೊಂದಿಸುವ ಬೆಂಚಿನ ಹಿರಿಯರು ಅವರು. ಬೀದರಿನವರು, ಎಲ್ಲರಿಗೂ ಅಕ್ಕ.

"ನನ್ನದೇ ಆಪಾ."

"ತಿನ್ಬ್ಯಾಡ ಬೇಟಿ, ಹಲ್ಲು ಮುರೀತಾವ."

ಮೀಟರ್ ಹಚ್ಚಿ ಸ್ಟೂಲಿನ ಮೇಲೆ ಕೂತೆ. ಹದಿಮೂರೂವರೆ. ಡಬ್ಬಿ ಬಿಸಿಯಾಗುತ್ತ ಬಂತು. ಹದಿಮೂರೂವರೆ. ಹೆಂಗಸರು ಬಂದು ತಮ್ಮ ಡಬ್ಬಿ ಒಯ್ದರು, ಉಂಡು ಕೈ ತೊಳೆದು ಬಂದರು. ಚಾರ್ಜರ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಆಗ ಅಂಕಿ ಒಮ್ಮೆ ಅಲುಗಾಡಿತು. ಹದಿಮೂರು ಮುಕ್ಕಾಲು, ಮತ್ತೆ ಹದಿಮೂರೂವರೆ. ಅನಂತರ ಒಂದೇ ಜಿಗಿತಕ್ಕೆ ಹದಿನೇಳು ದಾಟಿ ಅಲ್ಲೇ ನಿಂತಿತು.

ನಾನು ಕೂಗಿದೆನಂತೆ. ಏನು ಕೂಗಿದೆನೋ ನೆನಪಿಲ್ಲ.

ಹದಿನೇಳು ವೋಲ್ಟಿಗೆ ಬೈಕಿನ ಬ್ಯಾಟರಿ ಕುದಿಯದೆ ಇನ್ನೇನು ಮಾಡೀತು. ಮುಚ್ಚಳ ಬಿಚ್ಚಿ, ಭೂತಗನ್ನಡಿ ಹಿಡಿದು, ಬಿಸಿ ಆರುವ ಮೊದಲೇ ಒಂದೊಂದು ಭಾಗವನ್ನೂ ಪ್ಲಾಸ್ಟಿಕ್ ಕಡ್ಡಿಯಿಂದ ಮುಟ್ಟಿ ನೋಡಿದೆ. ಪ್ರೀಸೆಟ್ ಮುಟ್ಟಿದಾಗ ಅಂಕಿ ಕೆಳಗಿಳಿಯಿತು. ಪ್ರೀಸೆಟ್ ಎಂದರೆ ವೋಲ್ಟೇಜನ್ನು ಹೊಂದಿಸುವ ಪುಟ್ಟ ತಿರುಪು. ಅದರೊಳಗೆ ಒಂದು ಲೋಹದ ನಾಲಿಗೆ ಕಪ್ಪು ಪಟ್ಟಿಯ ಮೇಲೆ ಜಾರುತ್ತದೆ. ಹೊಂದಿಸಿದ ಮೇಲೆ ಅಲುಗದಿರಲಿ ಎಂದು ಅದರ ತಲೆಗೆ ಒಂದು ಹನಿ ನೈಲ್‌ಪಾಲಿಶ್ ಹಾಕುವುದು ನಮ್ಮಂಥ ಕಾರ್ಖಾನೆಗಳಲ್ಲೆಲ್ಲ ನಡೆದುಬಂದ ಪದ್ಧತಿ. ಈ ಪ್ರೀಸೆಟ್ಟಿನಲ್ಲಿ ಹನಿ ತಲೆಯ ಮೇಲೆ ನಿಂತಿರಲಿಲ್ಲ. ಕೆಳಗಿಳಿದು ನಾಲಿಗೆಯ ಅಡಿಗೆ ತೆಳ್ಳಗೆ ಹರಿದಿತ್ತು. ತಣ್ಣಗಿದ್ದಾಗ ನಾಲಿಗೆ ಹೇಗೋ ಪಟ್ಟಿಗೆ ತಾಗಿಕೊಂಡಿರುತ್ತಿತ್ತು. ಬಿಸಿಯೇರಿದಾಗ ಆ ಕೆಂಪು ಪದರ ಅದನ್ನು ಮೇಲೆತ್ತುತ್ತಿತ್ತು.

ಆಪಾ ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಹೇಳಿದರು: "ಬಾಟಲ್ಯಾಗಿನ ಪಾಲಿಶ್ ಗಟ್ಟಿ ಆಗಿತ್ತು. ಹೊಸಾದು ಬರೂತನಕ ಥಿನ್ನರ್ ಹಾಕಿ ನಡೆಸಿದೆ. ಹಾಕಿದಾಕಿ ನಾನೇ. ಬೇರೆ ಹುಡಿಗ್ಯಾರ ಹೆಸರು ಎಲ್ಲೂ ಬರಬಾರ್ದು."

ಮಾಲೀಕರು ಬಂದು ನೋಡಿದರು. ಮೀಟರಿನ ಅಂಕಿಯನ್ನು ಎರಡು ಸಲ ನೋಡಿದರು. ನನ್ನನ್ನು ಕೋಣೆಗೆ ಕರೆದರು.

"ಸರಿ. ನೀನು ಗೆದ್ದೆ. ಈ ಹೆಂಗಸನ್ನ ಕಳಿಸಿಬಿಡ್ತೀನಿ. ಕೆಲಸಗಾರರ ಅಜಾಗರೂಕತೆ ಅಂತ ಒಳಗಿನ ರಿಪೋರ್ಟು ಬರಿ. ಹೊರಗೆ ಅಸೋಸಿಯೇಶನ್ನಿಗೆ ಉಲ್ಟಾ ಕನೆಕ್ಷನ್ ಅಂತಲೇ ಇರಲಿ."

"ಎರಡೂ ಬರೆಯಲ್ಲ ಸಾರ್."

"ಏನು?"

"ಇವತ್ತು ನೈಲ್‌ಪಾಲಿಶ್ ನಾಲಿಗೆ ಎತ್ತಿತು. ನಾಳೆ ಧೂಳು ಎತ್ತಬಹುದು, ಬೈಕ್ ತಾಗಿ ಡಬ್ಬಿ ಬಿದ್ದರೂ ಎದ್ದುಕೊಳ್ಳಬಹುದು. ನಾಲಿಗೆ ಎದ್ದಾಗ ವೋಲ್ಟೇಜು ಕೆಳಗಿಳಿಯೋ ಹಾಗೆ ಸರ್ಕ್ಯೂಟ್ ಇರಬೇಕಿತ್ತು. ನಮ್ಮದರಲ್ಲಿ ಮೇಲೇರುತ್ತೆ. ಪ್ರೀಸೆಟ್ಟಿನ ಪಕ್ಕಕ್ಕೆ ಒಂದು ರೆಸಿಸ್ಟರ್ ಬೆಸೆದರೆ, ನಾಲಿಗೆ ಪೂರ್ತಿ ಎದ್ದರೂ ಹದಿನಾಲ್ಕು ಚಿಲ್ಲರೆಗೆ ನಿಲ್ಲುತ್ತೆ. ಬೇರೆ ಪೀಸಿನಲ್ಲಿ ಬೆಸೆದು ನೋಡಿದ್ದೀನಿ."

"ಈ ಸರ್ಕ್ಯೂಟು ನನ್ನದು."

"ಗೊತ್ತು ಸಾರ್."

"ಆ ಪೀಸು ಕಾರ್ಖಾನೆಯ ಗೇಟು ದಾಟಬಾರದು" ಎಂದರು.

"ಅದು ನಮ್ಮ ಮಾಲಲ್ಲ ಸಾರ್, ಗಿರಾಕಿಯದು. ಹೇಗೆ ಬಂತೋ ಹಾಗೇ ಹಿಂದಿರುಗಿಸಬೇಕು. ಈ ನಿಯಮ ನೀವೇ ಗೋಡೆಗೆ ಬರೆಸಿದ್ದೀರಿ."

ಚಾರ್ಜರನ್ನು ರಿಪೇರಿ ಮಾಡದೆ, ಅದೇ ಪ್ರೀಸೆಟ್ಟಿನೊಂದಿಗೆ, ಮುಚ್ಚಳ ಹಾಕಿ ಚೀಲಕ್ಕಿಟ್ಟುಕೊಂಡೆ. ಸರಿಮಾಡಿದ ಚಾರ್ಜರ್ ಯಾರಿಗೂ ಏನನ್ನೂ ತೋರಿಸುವುದಿಲ್ಲ. ಕೆಟ್ಟದ್ದನ್ನು ಕೆಟ್ಟಂತೆಯೇ ಒಯ್ಯಬೇಕು ಎಂದು ನಿರ್ಧರಿಸಿದ್ದು ಅವರ ಕೋಣೆಯಿಂದ ಹೊರಬರುವಾಗ. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ತಡೆದಿದ್ದರೆ ಏನು ಮಾಡುತ್ತಿದ್ದೆನೋ ಈಗ ಹೇಳಲಾರೆ.

ಭಾನುವಾರ ಬೆಳಿಗ್ಗೆ ಸೆಲ್ಲಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಫ್ಲಾಟಿನವರು ಕಾಫಿ ಲೋಟ ಹಿಡಿದು ಇಳಿದು ಬಂದಿದ್ದರು. ವಾಚ್‌ಮನ್ ಕಂಬಕ್ಕೆ ಒರಗಿ ನಿಂತಿದ್ದ. ಅವನ ಹಿಂದೆ ಮೂರು ಗೋಣಿಚೀಲ, ಅವುಗಳ ಮೇಲೆ ಹೆಂಡತಿ. ನನ್ನ ಜೊತೆ ಆಪಾ ಬಂದಿದ್ದರು. "ನನ್ನ ಪಾಲಿಶ್ ಮ್ಯಾಲೆ ಪಂಚಾಯ್ತಿ ನಡೀತದ, ನಾನಿಲ್ದೇ ಹೆಂಗ?" ಎಂದು ಬುರ್ಖಾ ಸರಿಪಡಿಸಿಕೊಂಡು ಮುಂದಿನ ಕುರ್ಚಿಯಲ್ಲೇ ಕೂತರು.

ಫ್ಯೂಸಿನ ವಿಷಯ ಹೇಳಿದೆ. ಹೊಸ ಚಾರ್ಜರ್ ಒಂದನ್ನು ಉಲ್ಟಾ ಹಚ್ಚಿ ಫ್ಯೂಸು ಹಾರುವುದನ್ನು ತೋರಿಸಿದೆ. ನಂತರ ಹಳೆಯ ಚಾರ್ಜರನ್ನು ಮೇಜಿನ ಮೇಲಿಟ್ಟೆ. ಬ್ಯಾಟರಿ ಹಚ್ಚಲಿಲ್ಲ, ಬರೀ ಒಂದು ಸಣ್ಣ ಬಲ್ಬು. ಮೀಟರನ್ನು ಸೆಕ್ರೆಟರಿಯವರ ಕೈಗೇ ಕೊಟ್ಟೆ. ಎರಡನೇ ಮಹಡಿಯ ಒಬ್ಬ ಹೆಂಗಸು ಕೂದಲು ಒಣಗಿಸುವ ಡ್ರೈಯರ್ ತಂದುಕೊಟ್ಟು, ಹಿಡಿದು ನಿಲ್ಲಲು ತಾನೇ ಒಪ್ಪಿದರು. ನಾನು ದೂರ ಸರಿದು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡೆ. ನಾನು ಮುಟ್ಟಿದರೆ ನಾನೇ ಮಾಡಿದೆ ಅನ್ನುತ್ತಾರೆ.

"ಹದಿಮೂರೂವರೆ" ಎಂದರು ಸೆಕ್ರೆಟರಿ.

ಡ್ರೈಯರ್ ಗುಂಯ್‌ಗುಟ್ಟುತ್ತಿತ್ತು. ಹದಿಮೂರೂವರೆ. ಹಿಂದಿನ ಸಾಲಿನಲ್ಲಿ ಯಾರೋ ಹಿಂದಿಯಲ್ಲಿ, "ಚಾರ್ಜರ್‌ಗೆ ತಲೆಸ್ನಾನ ಆಯ್ತಾ?" ಅಂದರು. ನಗು. ಇನ್ನಷ್ಟು ಹೊತ್ತಾಯಿತು. ಅದೇ ಅಂಕಿ.

ಸೆಕ್ರೆಟರಿ ನನ್ನತ್ತ ನೋಡಿದರು. "ಮೇಡಂ, ನಿಮ್ಮ ಕಡೆಯವನು ಅಂತ ನಿಮಗೆ ಪಾಪ ಅನ್ನಿಸಿರಬಹುದು. ನನಗೂ ಅನ್ನಿಸುತ್ತೆ. ಆದರೆ—"

"ಮೀಟರ್ ಕೆಳಗಿಡಬೇಡಿ ಸಾರ್. ಡಬ್ಬಿಯ ಒಳಗೆ ಬಿಸಿ ಇಳಿಯೋಕೆ ಹೊತ್ತು ಬೇಕು. ಒಂದು ಕುಟುಂಬವನ್ನ ಹೊರಗೆ ಹಾಕೋದಕ್ಕೆ ಸೇರಿದ್ದೀರಿ, ಅಷ್ಟು ಹೊತ್ತು ಕಾಯಿರಿ."

ನಾನು ಹಿರಿಯರೆದುರು ಹಾಗೆ ಮಾತಾಡುವವಳಲ್ಲ. ಯಾರೂ ನಗಲಿಲ್ಲ. ಡ್ರೈಯರ್ ಹಿಡಿದವರು ಕೈ ಬದಲಾಯಿಸಿಕೊಂಡರು. ಆಪಾ ತುಟಿಯಲ್ಲೇ ಏನೋ ಪಠಿಸುತ್ತಿದ್ದರು.

ಬಲ್ಬು ಮೊದಲು ಹೇಳಿತು. ಒಮ್ಮೆಲೇ ಬೆಳ್ಳಗೆ ಉರಿಯಿತು. ಸೆಕ್ರೆಟರಿ ಮೀಟರನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು.

"ಜೋರಾಗಿ ಓದಿ ಸಾರ್" ಅಂದೆ.

"ಹದಿನೇಳು... ಹದಿನೇಳು ಪಾಯಿಂಟ್ ಎರಡು."

"ಅವತ್ತು ಬ್ಯಾಟರಿಗೆ ಹೋಗಿದ್ದು ಅದು. ಅವನು ಸ್ವಿಚ್ ಆಫ್ ಮಾಡಬೇಕಿತ್ತು, ನಿಜ. ಸ್ವಿಚ್ಚು ಆ ಬೀಗದ ಒಳಗಿತ್ತು. ಕೀಲಿ ಅವನ ಹತ್ತಿರ ಇರಲಿಲ್ಲ. ಕೆಂಪು ಕ್ಲಿಪ್ ಕೆಂಪಿನ ಮೇಲೇ ಇತ್ತು. ಇದನ್ನ ನಾನು ಎಲ್ಲಿ ಬೇಕಾದರೂ ಹೇಳ್ತೀನಿ."

ಸೆಕ್ರೆಟರಿ ಕೆಟ್ಟ ಮನುಷ್ಯರಲ್ಲ. ಮೀಟರನ್ನು ಮೆಲ್ಲಗೆ ಕೆಳಗಿಟ್ಟರು. ವಾಚ್‌ಮನ್ ಇಲ್ಲೇ ಇರಲಿ, ಎಲ್ಲ ಮೊದಲಿನಂತೆ ನಡೆಯಲಿ ಎಂದರು. ಕುರ್ಚಿಗಳು ಸರಿದವು. ಜನ ಏಳತೊಡಗಿದರು.

"ಮೊದಲಿನಂಗ ಆಗಂಗಿಲ್ರಿ ಸಾಬ್" ಎಂದ ವಾಚ್‌ಮನ್. ಕಂಬ ಬಿಟ್ಟು ಮುಂದೆ ಬಂದಿದ್ದ. ತನ್ನ ಹರಕು ಹಿಂದಿಯಲ್ಲಿ ಮುಂದುವರಿಸಿದ, ನಡುನಡುವೆ ಕನ್ನಡ ಬರುತ್ತಿತ್ತು. "ಮೀಟರ್ ಖೋಲಿ ಕೀಲಿ ನನ್ನ ಕಡಿ ಇರ್ಬೇಕು."

"ಅದನ್ನ ಕಮಿಟಿಯಲ್ಲಿ ಚರ್ಚೆ ಮಾಡ್ತೀವಿ. ಸೆಕ್ಯುರಿಟಿ ವಿಷಯ."

ಅವನು ಕೊರಳಿನ ದಾರ ತೆಗೆದ. ಆನ್‌ಸೈಟ್‌ಗೆ ಹೋದವರ ಬೈಕಿನ ಕೀಲಿಗಳೆಲ್ಲ ಅದರಲ್ಲಿದ್ದವು. ಅದನ್ನು ಮೇಜಿನ ಮೇಲೆ, ಮೀಟರಿನ ಪಕ್ಕದಲ್ಲಿಟ್ಟ.

"ಹಂಗಾದ್ರ ಇವೂ ನೀವ ಇಟ್ಕೋರಿ. ನಂಬಿಕಿ ಇದ್ರ ಎಲ್ಲಾ ಕೀಲಿ ನನ್ನ ಕಡಿ, ಇಲ್ಲಾಂದ್ರ ಒಂದೂ ಬ್ಯಾಡ. ಸ್ವಿಚ್ಚ ನನ್ನ ಕೈಯಾಗ ಇಲ್ದ ನಾ ಇನ್ನ ಒಂದು ಕ್ಲಿಪ್ ಮುಟ್ಟಂಗಿಲ್ಲ."

ಹೆಂಡತಿ ಗೋಣಿಚೀಲದ ಮೇಲಿಂದ ಏಳಲಿಲ್ಲ. "ಚೀಲಾ ಕಟ್ಟೇ ಅದಾವ್ರಿ" ಎಂದಳಷ್ಟೇ.

ಡ್ರೈಯರ್ ತಂದ ಹೆಂಗಸು ಸೆಕ್ರೆಟರಿಗೆ ತೆಲುಗಿನಲ್ಲಿ, "ಇಚ್ಚೇಯಂಡಿ, ಕೊಟ್ಟುಬಿಡಿ" ಎಂದರು. ಇನ್ನೂ ಒಬ್ಬಿಬ್ಬರು ಹೌದೆಂದರು. ಸೆಕ್ರೆಟರಿ ಕಾರಿನ ಕೀಲಿಗೊಂಚಲಿನಿಂದ ಒಂದು ಹಿತ್ತಾಳೆ ಕೀಲಿಯನ್ನು ಬಿಡಿಸಲು ಬಹಳ ಹೊತ್ತು ತೆಗೆದುಕೊಂಡರು. ರಿಂಗು ಬಿಗಿಯಾಗಿತ್ತು.

ಸೋಮವಾರ ಕೆಲಸ ಹೋಗಿರುತ್ತದೆಂದೇ ತಿಳಿದು ಕಾರ್ಖಾನೆಗೆ ಹೋದೆ. ಮಾಲೀಕರು ನನ್ನೊಂದಿಗೆ ಮಾತಾಡಲಿಲ್ಲ. ನನ್ನ ರಿಪೋರ್ಟಿನಲ್ಲಿ ಕ್ಲಿಪ್ಪಿನ ವಾಕ್ಯಕ್ಕೆ ಗೆರೆ ಎಳೆದು ಕಳಿಸಿದರು. ಅದನ್ನೇ ಮತ್ತೆ ಬರೆದು ಕಳಿಸಿದೆ. ಮತ್ತೆ ಗೆರೆ ಬಂತು, ಮತ್ತೆ ಬರೆದೆ. ಆ ವಾರದ ಕೊನೆಗೆ ಅವರು ಆಪಾರ ಬೆಂಚಿನ ಬಳಿ ಬಂದು, ಟ್ರೇಯಲ್ಲಿದ್ದ ಚಾರ್ಜರ್‌ಗಳನ್ನು ನೋಡಿದರು. ಪ್ರತಿಯೊಂದರ ಪ್ರೀಸೆಟ್ಟಿನ ಪಕ್ಕದಲ್ಲೂ ರೆಸಿಸ್ಟರ್ ಇತ್ತು.

"ಯಾರು ಹೇಳಿದ್ದು ಹಾಕೋಕೆ?"

"ನಾನೇ ಹಾಕಿದೆ ಸಾಬ್" ಎಂದರು ಆಪಾ, ತಲೆ ಎತ್ತದೆ. "ತೆಗೀಬೇಕಂದ್ರೆ ನೀವೇ ತೆಗೀರಿ. ನನ್ನ ಕೈ ಬರಾಂಗಿಲ್ಲ."

ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಟ್ರೇಗೆ ವಾಪಸು ಇಟ್ಟು ಹೋದರು. ಆಪಾ ಉಳಿದರು, ನಾನೂ ಉಳಿದೆ. ಮಾರಿದ ಚಾರ್ಜರ್‌ಗಳನ್ನು ವಾಪಸು ಕರೆಸಬೇಕೆಂಬುದಕ್ಕೆ ಇನ್ನೊಂದು ಜಗಳ ಆಡಬೇಕಾಯಿತು. ಅದರಲ್ಲಿ ಪೂರ್ತಿ ಗೆದ್ದೆನೆಂದು ಹೇಳಲಾರೆ. ಬಂದಷ್ಟನ್ನು ನಾನೇ ಬಿಚ್ಚಿ ಸರಿಮಾಡಿದೆ.

ಹಿಮಾಯತ್‌ನಗರದ ಆ ಚಾರ್ಜರನ್ನು ಕೊನೆಗೆ ಸರಿಮಾಡಿ ಒಯ್ದೆ. ಬೈಕಿಗೆ ಹೊಸ ಬ್ಯಾಟರಿ ಬಂದಿತ್ತು. ವಾಚ್‌ಮನ್ನನ ಪಟ್ಟಿ ಬಿಚ್ಚಿದ್ದರು. ಎಡಗಣ್ಣಿನ ಮೇಲೆ ಹಾಲಿನಂಥ ಪೊರೆ.

"ಎಷ್ಟು ಕಾಣುತ್ತೆ?" ಎಂದು ಕೇಳಿದೆ.

"ನೀವ್ ನಿಂತದ್ದು ಕಾಣತೈತಿ. ನಗಾಕತ್ತೀರೋ ಅಳಾಕತ್ತೀರೋ ತಿಳೀವಲ್ದು."

ಚಾರ್ಜರ್ ತೂಗುಹಾಕುವ ಮೊಳೆಯನ್ನು ಕಿತ್ತು ಎದುರಿನ ಗೋಡೆಗೆ ಹೊಡೆದಿದ್ದ. ಕ್ಲಿಪ್ ಹಚ್ಚಲು ನಾನು ಬಗ್ಗಿದೆ.

"ತಡೀರಿ ಅಕ್ಕೋರ."

ಅವನು ಉಡುದಾರದಿಂದ ಹಿತ್ತಾಳೆ ಕೀಲಿ ಬಿಡಿಸಿಕೊಂಡ. ಮೀಟರ್ ಕೋಣೆಯ ಬೀಗ ತೆಗೆದು ಬಾಗಿಲನ್ನು ಪೂರ್ತಿ ಹಿಂದಕ್ಕೆ ತಳ್ಳಿದ. ಒಳಗೆ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ನೋಡಿದ, ಆಫ್ ಮಾಡಿದ, ಇನ್ನೊಮ್ಮೆ ಮುಟ್ಟಿ ನೋಡಿದ. ಹೊರಗೆ ಬಂದು ನನ್ನ ಕೈಯಿಂದ ಕೆಂಪು ಕ್ಲಿಪ್ ತೆಗೆದುಕೊಂಡ. ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಬಣ್ಣ ನೋಡಿ, ಕೆಂಪಿನ ಮೇಲೆ ಹಾಕಿದ.